ಪಿಂಗಾಣಿಯ ಹಿಂದಿನ ಕೈಗಳು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕೇಳದವರಿಲ್ಲ. ಮಾಡುವುದು ಎಷ್ಟು ಕಷ್ಟ, ಕೆಡಿಸುವುದು ಎಷ್ಟು ಸುಲಭ ಎಂಬುದನ್ನು ಅದು ತಿಳಿಸುತ್ತದೆ. ಆದರೆ ದೊಣ್ಣೆಯ ಪೆಟ್ಟಿಗೂ ಸಿಕ್ಕದೆ ಉಳಿದ ಪಾತ್ರೆಯ ವಿಷಯದಲ್ಲಿ ಇನ್ನೊಂದು ನಷ್ಟ ಸದ್ದಿಲ್ಲದೆ ನಡೆಯುತ್ತದೆ. ಪಾತ್ರೆ ಉಳಿಯುತ್ತದೆ, ಮಾಡಿದವನ ಹೆಸರು ಅಳಿಯುತ್ತದೆ. ಅರಸರ ಹೆಸರನ್ನು ಶಾಸನಗಳು ಕಾಪಾಡಿವೆ. ಕವಿಗಳ ಹೆಸರನ್ನು ಕಾವ್ಯಗಳು ಉಳಿಸಿವೆ. ತಿಗರಿಯನ್ನು ತಿರುಗಿಸಿದವನ, ಹಸಿಮಣ್ಣಿನ ಮೇಲೆ ಹೂಬಳ್ಳಿಯನ್ನು ಬಿಡಿಸಿದವನ, ಆವಿಗೆಯ ಬೆಂಕಿಯನ್ನು ಕಾದವನ ಹೆಸರನ್ನು ಯಾರು ಉಳಿಸಿದ್ದಾರೆ? ಆ ಹೆಸರುಗಳನ್ನು ಹುಡುಕುವ ಕೆಲಸಕ್ಕಾಗಿ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳೆ ತನ್ನ ಬಾಳಿನ ಉತ್ತರಾರ್ಧವನ್ನೇ ಮುಡಿಪಾಗಿಟ್ಟಳು. ಆಕೆಯೇ ಲೇಡಿ ಷಾರ್ಲಟ್ ಷ್ರೈಬರ್.

ಷಾರ್ಲಟ್ 1812ರ ಮೇ ತಿಂಗಳಲ್ಲಿ ಲಿಂಕನ್‌ಷೈರ್ ಪ್ರಾಂತದ ಅಫಿಂಗ್ಟನ್ ಎಂಬಲ್ಲಿ ಜನಿಸಿದಳು. ತಂದೆ ಲಿಂಡ್ಸೆಯ ಒಂಬತ್ತನೆಯ ಅರ್ಲ್. ಹಳೆಯ ಶ್ರೀಮಂತ ಮನೆತನದವನು. ಮಗಳಿಗೆ ಆರು ವರ್ಷ ತುಂಬಿದ್ದಾಗ ಆತ ತೀರಿಕೊಂಡನು. ತಾಯಿ ಮರುಮದುವೆಯಾದಳು. ಮಲತಂದೆಗೂ ಬಾಲಕಿಗೂ ಹೊಂದಿಕೆಯಾಗಲಿಲ್ಲ. ಮನೆಯಲ್ಲಿ ಸಿಕ್ಕದ ಸಂತೋಷವನ್ನು ಆಕೆ ಪುಸ್ತಕಗಳಲ್ಲಿ ಅರಸಿದಳು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ಸ್ವಂತ ಪ್ರಯತ್ನದಿಂದಲೇ ಆಕೆ ಅರಬ್ಬಿ, ಹೀಬ್ರೂ, ಪಾರಸಿ ಭಾಷೆಗಳ ಅಭ್ಯಾಸಕ್ಕೆ ಕೈಹಾಕಿದಳು. ಹತ್ತನೆಯ ವಯಸ್ಸಿನಲ್ಲಿ ದಿನಚರಿಯನ್ನು ಬರೆಯತೊಡಗಿ, ಸುಮಾರು 70 ವರ್ಷಗಳ ಕಾಲ ಆ ಅಭ್ಯಾಸವನ್ನು ಬಿಡದೆ ನಡೆಸಿಕೊಂಡು ಬಂದಳು. ಕಂಡದ್ದನ್ನು ಕಂಡ ದಿನವೇ ಬರೆದಿಡುವ ಈ ಶಿಸ್ತು ಮುಂದೆ ಆಕೆಯ ಸಾಧನೆಗೆ ತಳಹದಿಯಾಯಿತು.

1833ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಆಕೆ ಜಾನ್ ಜೋಸೈಯ ಗೆಸ್ಟ್ ಎಂಬ ಉದ್ಯಮಿಯನ್ನು ವಿವಾಹವಾದಳು. ವೇಲ್ಸ್ ನಾಡಿನ ಮರ್ತರ್ ಟಿಡ್‌ಫಿಲ್ ಪಟ್ಟಣದ ಬಳಿ ಇದ್ದ ಡೌಲೈಸ್ ಕಬ್ಬಿಣದ ಕಾರ್ಖಾನೆಗೆ ಆತ ಒಡೆಯನು. 1845ರ ಹೊತ್ತಿಗೆ ಅಲ್ಲಿ 18 ಊದುಕುಲುಮೆಗಳು ಉರಿಯುತ್ತಿದ್ದವು. ಸುಮಾರು 7,000 ಜನ ದುಡಿಯುತ್ತಿದ್ದರು. ಅರ್ಲ್ ಮನೆತನದ ಮಗಳು ಹೊಗೆ ಮಸಿಗಳ ಆ ಊರನ್ನು ಕಂಡು ಹಿಂಜರಿಯಲಿಲ್ಲ. ಕಾರ್ಖಾನೆಯ ಲೆಕ್ಕಪತ್ರಗಳನ್ನು ಕಲಿತಳು. ಕಾರ್ಮಿಕರ ಮಕ್ಕಳಿಗಾಗಿ ಶಾಲೆಗಳನ್ನು ಬೆಳೆಸಿದಳು. ಅಲ್ಲಿನ ಜನರ ನುಡಿಯಾದ ವೆಲ್ಷ್ ಭಾಷೆಯನ್ನೂ ಕಲಿತಳು. ಐದು ಗಂಡು, ಐದು ಹೆಣ್ಣು, ಹೀಗೆ ಹತ್ತು ಮಕ್ಕಳ ತಾಯಿಯಾಗಿ ಅವರನ್ನು ಸಾಕುತ್ತಲೇ ಮಧ್ಯಯುಗದ ವೆಲ್ಷ್ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿದಳು. ಮ್ಯಾಬಿನೋಗಿಯನ್ ಎಂಬ ಹೆಸರಿನ ಈ ಕೃತಿ 1838ರಿಂದ ಬಿಡಿಬಿಡಿ ಭಾಗಗಳಾಗಿ ಹೊರಬಂದು, 1849ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಸಣ್ಣ ಜನಾಂಗವೊಂದರ ಕಥಾಸಂಪತ್ತು ಅದರಿಂದಾಗಿ ಜಗತ್ತಿನ ಓದುಗರಿಗೆ ದೊರೆಯಿತು.

1852ರಲ್ಲಿ ಜಾನ್ ಗೆಸ್ಟ್ ತೀರಿಕೊಂಡನು. ಕಾರ್ಖಾನೆಯ ಆಡಳಿತ ಷಾರ್ಲಟಳ ಹೆಗಲಿಗೆ ಬಿತ್ತು. ಮರುವರ್ಷವೇ ಕಾರ್ಮಿಕರು ಹೆಚ್ಚಿನ ಕೂಲಿಗಾಗಿ ಮುಷ್ಕರ ಹೂಡಿದರು. ಅವರ ಮಕ್ಕಳಿಗಾಗಿ ಶಾಲೆ ಕಟ್ಟಿಸಿದ ಷಾರ್ಲಟ್ ಆ ಸಂದರ್ಭದಲ್ಲಿ ಇತರ ಮಾಲೀಕರೊಡನೆ ನಿಂತು ಮುಷ್ಕರವನ್ನು ಎದುರಿಸಿದಳು, ಕಾರ್ಮಿಕರು ಸೋತರು. ಆಕೆಯ ಬಾಳಿನ ಈ ಮುಖವನ್ನೂ ನಾವು ಮರೆಯಬಾರದು. ಸಾವಿರಾರು ದುಡಿಯುವ ಕೈಗಳ ನಡುವೆ ಬಾಳಿಯೂ ಮಾಲೀಕರ ದೃಷ್ಟಿಯನ್ನು ಸಂಪೂರ್ಣವಾಗಿ ಮೀರುವುದು ಆಕೆಗೆ ಆಗ ಸಾಧ್ಯವಾಗಲಿಲ್ಲ.

1855ರಲ್ಲಿ ಆಕೆ ಚಾರ್ಲ್ಸ್ ಷ್ರೈಬರ್ ಎಂಬ ವಿದ್ವಾಂಸನನ್ನು ಮರುಮದುವೆಯಾದಳು. ಆತ ಆಕೆಯ ಹಿರಿಯ ಮಗನಿಗೆ ಪಾಠ ಹೇಳಲು ಬಂದವನು. ವಯಸ್ಸಿನಲ್ಲಿ ಆಕೆಗಿಂತ 14 ವರ್ಷ ಚಿಕ್ಕವನು. ಸಮಾಜ ಹುಬ್ಬುಗಂಟಿಕ್ಕಿತು. ಷಾರ್ಲಟ್ ಅದನ್ನು ಲೆಕ್ಕಿಸಲಿಲ್ಲ. ಕಾರ್ಖಾನೆಯ ಹೊಣೆಯಿಂದ ಬಿಡುಗಡೆ ಹೊಂದಿದಳು. ಮಕ್ಕಳೂ ದೊಡ್ಡವರಾಗುತ್ತ ಬಂದರು. ಸಾಮಾನ್ಯರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, ಅಂದರೆ 53ನೆಯ ವರ್ಷದ ಸುಮಾರಿಗೆ, ಆಕೆ ಹೊಸದೊಂದು ವಿದ್ಯೆಗೆ ಕೈಹಚ್ಚಿದಳು. ಹಳೆಯ ಪಿಂಗಾಣಿ ಪಾತ್ರೆಗಳ ಸಂಗ್ರಹವೇ ಆ ವಿದ್ಯೆ.

ಈ ಕೆಲಸದ ಕಷ್ಟವೇನೆಂಬುದು ತಿಳಿಯಬೇಕಾದರೆ ಪಿಂಗಾಣಿಯ ಚರಿತ್ರೆಯನ್ನು ಸ್ವಲ್ಪ ಅರಿಯಬೇಕು. ಬೆಳ್ಳಗೆ ಹೊಳೆಯುವ, ಬೆಳಕನ್ನು ತನ್ನ ಮೂಲಕ ಹಾಯಿಸುವ ಪಿಂಗಾಣಿಯನ್ನು ಮೊದಲು ಮಾಡಿದವರು ಚೀನೀಯರು. ಯೂರೋಪಿನ ಜನ ಶತಮಾನಗಳ ಕಾಲ ಅದನ್ನು ಚಿನ್ನದ ಬೆಲೆ ಕೊಟ್ಟು ತರಿಸುತ್ತಿದ್ದರು. ಮಾಡುವ ಗುಟ್ಟನ್ನು ಮಾತ್ರ ಅರಿಯರು. 18ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಮೈಸೆನ್ ಎಂಬಲ್ಲಿ ಆ ಗುಟ್ಟು ಬಯಲಾಯಿತು. ಇಂಗ್ಲೆಂಡಿನವರು 1740ರ ದಶಕದಲ್ಲಿ ತಮ್ಮದೇ ದಾರಿಗಳನ್ನು ಹುಡುಕಿದರು. ಲಂಡನ್ನಿನ ಬೋ ಎಂಬ ಕಾರ್ಖಾನೆಯವರು ಸುಟ್ಟ ಮೂಳೆಯ ಬೂದಿಯನ್ನು ಮಣ್ಣಿಗೆ ಬೆರೆಸಿದರು. ಚೆಲ್ಸಿಯ ಕಾರ್ಖಾನೆಯವರು ಗಾಜಿನಂಥ ಪುಡಿಯನ್ನು ಸೇರಿಸಿದರು. 1751ರಲ್ಲಿ ಆರಂಭವಾದ ವೂಸ್ಟರ್ ಕಾರ್ಖಾನೆಯವರು ಬಳಪದ ಕಲ್ಲನ್ನು ಅರೆದು ಹಾಕಿದರು. ಪ್ಲಿಮತ್ ಪಟ್ಟಣದ ವಿಲಿಯಂ ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ ಚೀನೀಯರ ಪಿಂಗಾಣಿಯಲ್ಲಿರುವಂಥ ಬಿಳಿಮಣ್ಣನ್ನೇ ಇಂಗ್ಲೆಂಡಿನ ನೆಲದಲ್ಲಿ ಕಂಡುಹಿಡಿದು, 1768ರಲ್ಲಿ ಅದಕ್ಕೆ ಏಕಸ್ವಾಮ್ಯದ ಹಕ್ಕನ್ನು ಪಡೆದನು.

ಈ ಕಾರ್ಖಾನೆಗಳಲ್ಲಿ ಹಲವು ಬಹುಕಾಲ ಬಾಳಲಿಲ್ಲ. ಬೋ ಕಾರ್ಖಾನೆ ಸುಮಾರು 30 ವರ್ಷ ನಡೆದು ಮುಚ್ಚಿಹೋಯಿತು. ಮಾಲೀಕರು ದಿವಾಳಿಯಾದರು, ಕುಶಲಕರ್ಮಿಗಳು ಚದುರಿದರು, ಅಚ್ಚುಗಳು ಕೈ ಬದಲಾಯಿಸಿದವು. ಷಾರ್ಲಟ್ ಸಂಗ್ರಹಕ್ಕೆ ತೊಡಗಿದಾಗ ಒಂದು ಶತಮಾನವೇ ಕಳೆದಿತ್ತು. ಪಾತ್ರೆಗಳು ಮಾತ್ರ ದೇಶದೇಶಗಳ ಮನೆಗಳಲ್ಲಿ ಉಳಿದಿದ್ದವು. ಅವುಗಳ ತಳದಲ್ಲಿ ಕೆಲವೊಮ್ಮೆ ಗುರುತೊಂದು ಇರುತ್ತಿತ್ತು. ಅನೇಕ ವೇಳೆ ಏನೂ ಇರುತ್ತಿರಲಿಲ್ಲ.

ಗುರುತು ಇದ್ದರೂ ಅದನ್ನು ನಂಬುವಂತಿರಲಿಲ್ಲ. ಲಂಗರಿನ ಚಿತ್ರ ಚೆಲ್ಸಿಯ ಮುದ್ರೆ. ಮೊದಲು ಉಬ್ಬಾಗಿ, ಬಳಿಕ ಕೆಂಪು ಬಣ್ಣದಲ್ಲಿ, ಕೊನೆಗೆ ಚಿನ್ನದ ಬಣ್ಣದಲ್ಲಿ ಅದನ್ನು ಹಾಕುತ್ತಿದ್ದರು. ಆದ್ದರಿಂದ ಲಂಗರಿನ ಬಣ್ಣದಿಂದಲೇ ಕಾಲವನ್ನು ಊಹಿಸಬಹುದು. ಆದರೆ ಅದೇ ಲಂಗರನ್ನು ಬೇರೆಯವರೂ ಕೃತಕವಾಗಿ ಬರೆಯುತ್ತಿದ್ದರು. ಮೈಸೆನ್ನಿನ ಮುದ್ರೆ ಅಡ್ಡಹಾಕಿದ ಎರಡು ಕತ್ತಿಗಳು. ಮೈಸೆನ್ನಿನ ಕೀರ್ತಿಯನ್ನು ಕಂಡು ವೂಸ್ಟರಿನವರೂ ಬ್ರಿಸ್ಟಲಿನವರೂ ತಮ್ಮ ಕೆಲವು ಪಾತ್ರೆಗಳ ಮೇಲೆ ಅವೇ ಕತ್ತಿಗಳನ್ನು ಹಾಕಿದರು. 19ನೆಯ ಶತಮಾನದಲ್ಲಿ ಪ್ಯಾರಿಸ್ ನಗರದಲ್ಲಿ ಹಳೆಯ ಪಿಂಗಾಣಿಯ ನಕಲುಗಳು ಮುದ್ರೆಸಹಿತ ತಯಾರಾಗತೊಡಗಿದವು. ಹೀಗಾಗಿ ಮುದ್ರೆಯನ್ನು ಓದಬಲ್ಲವನು ಅರ್ಧ ಪಂಡಿತನು ಮಾತ್ರ. ಮಣ್ಣಿನ ಭಾರ, ಮೆರುಗಿನ ಸ್ಪರ್ಶ, ಬೆಳಕಿಗೆ ಹಿಡಿದಾಗ ಕಾಣುವ ಛಾಯೆ, ಕುಂಚದ ಎಳೆತ, ಇವೆಲ್ಲವನ್ನೂ ಅರಿತವನೇ ಪೂರ್ಣ ಪಂಡಿತನು.

ಆ ಪಾಂಡಿತ್ಯವನ್ನು ಷಾರ್ಲಟ್ ಪುಸ್ತಕದಿಂದ ಪಡೆಯಲಿಲ್ಲ. ಈ ವಿಷಯದ ಒಳ್ಳೆಯ ಪುಸ್ತಕಗಳೇ ಆಗ ವಿರಳವಾಗಿದ್ದವು. ಸುಮಾರು 20 ವರ್ಷಗಳ ಕಾಲ ಆಕೆಯೂ ಚಾರ್ಲ್ಸನೂ ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಸ್ಪೇನ್, ಇಟಲಿ ಮೊದಲಾದ ದೇಶಗಳಲ್ಲಿ ಸಂಚರಿಸಿದರು. ದೊಡ್ಡ ನಗರಗಳ ಮಳಿಗೆಗಳೆಂದರೆ ಆಕೆಗೆ ತೃಪ್ತಿಯಿಲ್ಲ. ಇಕ್ಕಟ್ಟಿನ ಬೀದಿಗಳ ಹಳೆಯ ಸಾಮಾನಿನ ಅಂಗಡಿಗಳನ್ನು ಹೊಕ್ಕು, ಧೂಳು ಹಿಡಿದ ಕಪಾಟುಗಳನ್ನು ತಡಕುವಳು. ಇಂಗ್ಲೆಂಡಿನಿಂದ ಎಂದೋ ಸಮುದ್ರ ದಾಟಿ ಹೋದ ಬೋ, ಚೆಲ್ಸಿ ಪಾತ್ರೆಗಳು ಹಾಲೆಂಡಿನ ಅಂಗಡಿಗಳಲ್ಲಿ ಆಕೆಗೆ ದೊರೆತವು. ಕೊಂಡ ಪಾತ್ರೆ ಯಾವುದು, ಕೊಟ್ಟ ಬೆಲೆ ಎಷ್ಟು, ಬಿಟ್ಟುಬಂದದ್ದು ಯಾವುದು ಎಂಬುದೆಲ್ಲ ದಿನಚರಿಯಲ್ಲಿ ದಾಖಲಾಗುತ್ತಿತ್ತು. ಕಬ್ಬಿಣದ ಕಾರ್ಖಾನೆಯ ಲೆಕ್ಕವನ್ನು ನೋಡಿದ ಕಣ್ಣು ಈಗ ಕಲೆಯ ಲೆಕ್ಕವನ್ನು ಬರೆಯುತ್ತಿತ್ತು.

ಮನೆಗೆ ಮರಳಿದ ಬಳಿಕ ನಿಜವಾದ ಕೆಲಸ ಮೊದಲಾಗುತ್ತಿತ್ತು. ಒಂದು ಪಾತ್ರೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬೇಕು. ತಯಾರಾದ ವರ್ಷ ನಮೂದಾಗಿರುವ ಪಾತ್ರೆ ಸಿಕ್ಕಿದರೆ ಅದೊಂದು ನಿಧಿ; ಏಕೆಂದರೆ ಅದರ ಆಧಾರದಿಂದ ವರ್ಷವಿಲ್ಲದ ಹತ್ತಾರು ಪಾತ್ರೆಗಳ ಕಾಲವನ್ನು ನಿರ್ಣಯಿಸಬಹುದು. ಬೋ ಕಾರ್ಖಾನೆಯವರು ತಮ್ಮ ಸ್ಥಳಕ್ಕೆ ಹೊಸ ಕ್ಯಾಂಟನ್ ಎಂದು ಹೆಸರಿಟ್ಟುಕೊಂಡಿದ್ದರು. ಆ ಹೆಸರನ್ನೂ 1750 ಎಂಬ ವರ್ಷವನ್ನೂ ಹೊತ್ತ ಕೆಲವು ಮಸಿಕುಡಿಕೆಗಳು ಇಂದಿಗೂ ಉಳಿದಿವೆ. ಇಂಥ ಸಾಕ್ಷ್ಯಗಳು ಊಹೆಗೆ ಕಡಿವಾಣ ಹಾಕುತ್ತವೆ. ಬ್ರಿಟಿಷ್ ಮ್ಯೂಸಿಯಮಿನ ವಿದ್ವಾಂಸನಾದ ಆಗಸ್ಟಸ್ ಫ್ರ್ಯಾಂಕ್ಸ್ ಆಕೆಗೆ ಸ್ನೇಹಿತನು. ಸಂದೇಹ ಬಂದಾಗ ಇಬ್ಬರೂ ಕೂಡಿ ವಿಚಾರ ಮಾಡುತ್ತಿದ್ದರು.

ಬೋ ಕಾರ್ಖಾನೆಯಲ್ಲಿ ಜಾನ್ ಬೋಕಾಕ್ ಎಂಬ ಗುಮಾಸ್ತನಿದ್ದನು. ಯಾರಿಗೆ ಯಾವ ಪಾತ್ರೆ ಬೇಕು, ಯಾವ ಮಾದರಿಯನ್ನು ಅನುಸರಿಸಬೇಕು ಎಂಬುದನ್ನೆಲ್ಲ ಆತ 1750ರ ದಶಕದಲ್ಲಿ ಸಣ್ಣ ಪುಸ್ತಕಗಳಲ್ಲಿ ಗುರುತು ಹಾಕಿಕೊಂಡಿದ್ದನು. ಶತಮಾನ ಕಳೆದ ಮೇಲೆ ಆ ಕಾಗದಗಳು ಷಾರ್ಲಟಳ ಕೈಸೇರಿದವು. ಬಣ್ಣವಿಲ್ಲದ, ಹೊಳಪಿಲ್ಲದ ಆ ಹಾಳೆಗಳು ಆಕೆಗೆ ಚಿನ್ನದ ಅಂಚಿನ ತಟ್ಟೆಗಳಿಗಿಂತ ಕಡಿಮೆಯವಾಗಿ ಕಾಣಲಿಲ್ಲ. ಕೇವಲ ಚೆಲುವಿಗಾಗಿ ಸಂಗ್ರಹಿಸುವವರಿಗೂ ತಿಳಿವಿಗಾಗಿ ಸಂಗ್ರಹಿಸುವವರಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ.

ಅದೇ ಕಾರ್ಖಾನೆಗೆ ಸಂಬಂಧಿಸಿದ ಮತ್ತೊಂದು ಸಂಗತಿ ಮನಮುಟ್ಟುವಂಥದು. ತಾಮಸ್ ಕ್ರಾಫ್ಟ್ ಎಂಬ ಚಿತ್ರಕಾರನು ಸುಮಾರು 1760ರಲ್ಲಿ ತನ್ನ ಬಳಕೆಗಾಗಿ ಒಂದು ಬಟ್ಟಲಿಗೆ ಚಿತ್ರ ಬರೆದನು. 30 ವರ್ಷಗಳ ಬಳಿಕ, 1790ರಲ್ಲಿ, ಆ ಬಟ್ಟಲಿನ ಪೆಟ್ಟಿಗೆಯಲ್ಲಿ ಒಂದು ಟಿಪ್ಪಣಿಯನ್ನು ಬರೆದಿಟ್ಟನು. ಕಾರ್ಖಾನೆಯಲ್ಲಿ ಸುಮಾರು 300 ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಸುಮಾರು 90 ಮಂದಿ ಚಿತ್ರಕಾರರು. ಈಗ ಆ ಕಾರ್ಖಾನೆಯೇ ಇಲ್ಲ. ಅದರ ಮಾಲೀಕರಲ್ಲೊಬ್ಬನು ಅನಾಥಾಲಯದಂಥ ಆಶ್ರಯದಲ್ಲಿ ಮುಪ್ಪನ್ನು ಕಳೆಯುತ್ತಿದ್ದಾನೆ. ಅಲ್ಲಿ ದುಡಿದ ಅಷ್ಟೂ ಜನರಲ್ಲಿ ವರ್ಷಕ್ಕೊಮ್ಮೆ ಅವನನ್ನು ನೋಡಲು ಹೋಗುವವನು ತಾನೊಬ್ಬನೇ ಎಂಬುದು ಅದರ ಸಾರಾಂಶ. ಬಟ್ಟಲೂ ಟಿಪ್ಪಣಿಯೂ ಬ್ರಿಟಿಷ್ ಮ್ಯೂಸಿಯಮಿನಲ್ಲಿವೆ. ಆ 90 ಚಿತ್ರಕಾರರಲ್ಲಿ ಹೆಚ್ಚಿನವರ ಹೆಸರು ಲೋಕಕ್ಕೆ ತಿಳಿಯದು. ಒಬ್ಬ ಕ್ರಾಫ್ಟ್ ಉಳಿದುಕೊಂಡದ್ದು ಆತ ಬರೆದಿಟ್ಟದ್ದರಿಂದ, ಮುಂದಿನವರು ಅದನ್ನು ಕಾಪಾಡಿದ್ದರಿಂದ.

ಕುಂಚದಿಂದ ಬಿಡಿಸಿದ ಚಿತ್ರಗಳಂತೆ ಅಚ್ಚೊತ್ತಿದ ಚಿತ್ರಗಳೂ ಷಾರ್ಲಟಳನ್ನು ಸೆಳೆದವು. ತಾಮ್ರದ ತಗಡಿನ ಮೇಲೆ ಕೆತ್ತಿದ ಚಿತ್ರಕ್ಕೆ ಮಸಿ ಹಚ್ಚಿ, ಅದನ್ನು ತೆಳು ಕಾಗದಕ್ಕೆ ಇಳಿಸಿ, ಕಾಗದದಿಂದ ಪಾತ್ರೆಯ ಮೈಗೆ ಒತ್ತಿ, ಬಳಿಕ ಬೆಂಕಿಯಲ್ಲಿ ಸುಡುವ ವಿಧಾನ ಇಂಗ್ಲೆಂಡಿನಲ್ಲಿ ಆಗ ಹೊಸದಾಗಿ ಬಳಕೆಗೆ ಬಂದಿತ್ತು. 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬವರು ಬೇರೆಯವರ ನೆರವಿಲ್ಲದೆ ಆರು ಗಂಟೆಗಳಲ್ಲಿ 1,200ಕ್ಕೂ ಹೆಚ್ಚು ಬಿಲ್ಲೆಗಳಿಗೆ ಚಿತ್ರಗಳನ್ನು ಅಚ್ಚೊತ್ತಿರುವುದಾಗಿ ಪ್ರಮಾಣಪತ್ರ ಬರೆದುಕೊಟ್ಟರು. ಶ್ರೀಮಂತರ ಮನೆಯ ಚೆಲುವು ಸಾಮಾನ್ಯರ ಮನೆಗೂ ಬರುವ ದಾರಿ ತೆರೆಯಿತು. ವೂಸ್ಟರಿನಲ್ಲಿ ಈ ಕೆತ್ತನೆಯ ಕೆಲಸ ಮಾಡಿದ ರಾಬರ್ಟ್ ಹ್ಯಾನ್ಕಾಕ್ ಕೆಲವು ಚಿತ್ರಗಳ ಮೂಲೆಯಲ್ಲಿ ತನ್ನ ಹೆಸರಿನ ಎರಡು ಅಕ್ಷರಗಳನ್ನು ಸೇರಿಸಿದನು. ಕಾರ್ಖಾನೆಯ ಪಾಲುದಾರನಾದ ಹೋಲ್ಡ್‌ಶಿಪ್ ಎಂಬವನ ಸಂಕೇತವಾದ ಲಂಗರೂ ಅದರ ಪಕ್ಕದಲ್ಲಿ ಸೇರಿತು. ಕೆಲಸ ಯಾರದು, ಕೀರ್ತಿ ಯಾರಿಗೆ ಎಂಬ ವಾದ ಆಗಲೇ ಎದ್ದಿತು. ಹೂವಿನ ಎಲೆಯ ಮರೆಯಲ್ಲಿ ಅಡಗಿರುವ ಸಣ್ಣ ಅಕ್ಷರವೊಂದು ಒಬ್ಬ ಕುಶಲಕರ್ಮಿಯ ಹಕ್ಕೊತ್ತಾಯವಾಗಿರಬಹುದು. ಅದನ್ನು ಗುರುತಿಸಲು ತಾಳ್ಮೆಯ ಕಣ್ಣು ಬೇಕು.

1884ರಲ್ಲಿ ಷಾರ್ಲಟಳ ಬಾಳಿಗೆ ದೊಡ್ಡ ಆಘಾತ ಒದಗಿತು. ಜೊತೆಗೂಡಿ ದೇಶಗಳನ್ನು ಸುತ್ತಿದ ಚಾರ್ಲ್ಸ್ ಲಿಸ್ಬನ್ ನಗರದಲ್ಲಿ ತೀರಿಕೊಂಡನು. ಆಕೆಗೆ ಆಗ 71 ವರ್ಷ. ಮನೆಯ ಕಪಾಟುಗಳಲ್ಲಿ ಸುಮಾರು 1,800 ಇಂಗ್ಲಿಷ್ ಕಲಾವಸ್ತುಗಳು ತುಂಬಿದ್ದವು. ಅವನ್ನು ಮಾರಿದ್ದರೆ ದೊಡ್ಡ ಮೊತ್ತ ಬರುತ್ತಿತ್ತು. ಮಕ್ಕಳಿಗೆ ಹಂಚಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಹರಾಜಿನಲ್ಲಾಗಲಿ ಹಂಚಿಕೆಯಲ್ಲಾಗಲಿ ಸಂಗ್ರಹ ಚದುರಿದರೆ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಗಳಿಸಿದ ತಿಳಿವೂ ಚದುರುತ್ತದೆ. ಷಾರ್ಲಟ್ ಆ ವರ್ಷವೇ ಅದನ್ನೆಲ್ಲ ಗಂಡನ ನೆನಪಿಗಾಗಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮಿಗೆ ದಾನವಾಗಿ ಕೊಟ್ಟಳು. 1899ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರು ಪಡೆದ ಸಂಸ್ಥೆ ಅದೇ. ವಸ್ತುಗಳನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ; ಅವುಗಳ ವಿವರಪಟ್ಟಿಯನ್ನು ತಾನೇ ಸಿದ್ಧಪಡಿಸಿದಳು. 1885ರಲ್ಲಿ ಪ್ರಕಟವಾದ ಆ ಪುಸ್ತಕದ ಮುಖಪುಟದಲ್ಲಿ ಗಂಡನ ಹೆಸರು ಮೊದಲು, ತನ್ನ ಹೆಸರು ಬಳಿಕ ಬಂದಿತು.

ಆಕೆಯ ಉತ್ಸಾಹ ಅಲ್ಲಿಗೂ ನಿಲ್ಲಲಿಲ್ಲ. ಹಳೆಯ ಬೀಸಣಿಗೆಗಳನ್ನೂ ಆಟದ ಎಲೆಗಳನ್ನೂ ಕೂಡಿಸಿ, ಅವುಗಳ ಬಗೆಗೆ ದೊಡ್ಡ ಸಚಿತ್ರ ಗ್ರಂಥಗಳನ್ನು ಹೊರತಂದಳು. ಆ ಸಂಗ್ರಹಗಳು ಬ್ರಿಟಿಷ್ ಮ್ಯೂಸಿಯಮಿಗೆ ಸೇರಿದವು. ಬೀಸಣಿಗೆ ತಯಾರಕರ ಸಂಘವು 1891ರಲ್ಲಿ ಆಕೆಯನ್ನು ತನ್ನ ಸದಸ್ಯಳನ್ನಾಗಿ ಮಾಡಿಕೊಂಡು ಗೌರವಿಸಿತು. ಅಷ್ಟರಲ್ಲಿ ಆಕೆಯ ಕಣ್ಣು ಮಂಜಾಗುತ್ತಿತ್ತು. ಕುಂಚದ ಎಳೆಯಿಂದ ಚಿತ್ರಕಾರನನ್ನು ಗುರುತಿಸುತ್ತಿದ್ದ ಆ ಕಣ್ಣುಗಳಿಗೆ ಕೊನೆಗೆ ಬೆಳಕೇ ಇಲ್ಲವಾಯಿತು. ಆದರೂ ಕೈಗಳು ಸುಮ್ಮನಿರಲಿಲ್ಲ. ಲಂಡನ್ನಿನ ಚಳಿಯಲ್ಲಿ ಬೀದಿಬದಿಯಲ್ಲಿ ಕಾಯುವ ಬಾಡಿಗೆ ಕುದುರೆಗಾಡಿಯವರಿಗಾಗಿ ಆಕೆ ಉಣ್ಣೆಯ ಕೊರಳುವಸ್ತ್ರಗಳನ್ನು ಹೆಣೆಯುತ್ತಿದ್ದಳು. ಒಂದು ಕಾಲದಲ್ಲಿ ಮಾಲೀಕಳಾಗಿ ಸಾವಿರಾರು ಕೈಗಳನ್ನು ದುಡಿಸಿದಾಕೆ ಈಗ ದುಡಿಯುವವರಿಗಾಗಿ ತನ್ನ ಎರಡು ಕೈಗಳನ್ನು ದುಡಿಸಿದಳು. 1895ರ ಜನವರಿಯಲ್ಲಿ, 82ನೆಯ ವಯಸ್ಸಿನಲ್ಲಿ, ಆಕೆ ಕಾಲವಾದಳು. ಆಟದ ಎಲೆಗಳ ಗ್ರಂಥದ ಕೊನೆಯ ಸಂಪುಟವನ್ನು ಫ್ರ್ಯಾಂಕ್ಸ್ ಪೂರ್ತಿಗೊಳಿಸಿದನು. ಸಂಗ್ರಹಕಾಲದ ದಿನಚರಿಯನ್ನು ಮಗ ಮಾಂಟಗ್ಯು ಸಂಪಾದಿಸಿದನು. ಅದು 1911ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು.

ಅಂದಿನ ವಿದ್ವಾಂಸರ ತೀರ್ಮಾನಗಳೆಲ್ಲ ಇಂದಿಗೂ ನಿಂತಿವೆಯೆಂದಲ್ಲ. ಚೀನಾದಲ್ಲಿ ತಯಾರಾದ ಪಾತ್ರೆಗಳನ್ನು ಇಂಗ್ಲೆಂಡಿನ ಲೋಸ್ಟಾಫ್ಟ್ ಎಂಬ ಊರಿನವೆಂದು ನಂಬಿದ್ದವರು ಆ ಕಾಲದಲ್ಲಿದ್ದರು. ಅದು ತಪ್ಪೆಂದು ಸ್ಥಾಪಿತವಾಯಿತು. 1990ರ ಸುಮಾರಿಗೆ ಲಂಡನ್ನಿನ ಲೈಮ್‌ಹೌಸಿನಲ್ಲಿ ನೆಲ ಅಗೆದಾಗ ದೊರೆತ ಚೂರುಗಳು, ಲಿವರ್‌ಪೂಲಿನವೆಂದು ಎಣಿಸಿದ್ದ ಕೆಲವು ಪಾತ್ರೆಗಳ ಹುಟ್ಟೂರನ್ನು ಬದಲಿಸಿದವು. ಆವಿಗೆಯಲ್ಲಿ ಕೆಟ್ಟು, ಕೆಲಸಗಾರರು ಅಲ್ಲೇ ಎಸೆದ ಒಡಕು ಚೂರು ಸುಳ್ಳು ಹೇಳುವುದಿಲ್ಲ. ಆದರೆ ಆ ಚೂರನ್ನು ಯಾವುದರೊಡನೆ ಹೋಲಿಸುವುದು? ಇಡಿಯಾಗಿ ಉಳಿದ, ವಿವರ ಬರೆದಿಟ್ಟ ಸಂಗ್ರಹ ಇದ್ದರೆ ತಾನೆ ತಪ್ಪನ್ನು ತಿದ್ದಲು ಸಾಧ್ಯ? ಮುಂದಿನವರು ತನ್ನನ್ನು ತಿದ್ದುವುದಕ್ಕೂ ಅನುಕೂಲ ಮಾಡಿಕೊಟ್ಟವಳು ಷಾರ್ಲಟ್.

ವಸ್ತುವನ್ನು ಕೊಳ್ಳಲು ಹಣವಿದ್ದರೆ ಸಾಕು. ಅದನ್ನು ಅರಿಯಲು ಆಯುಷ್ಯವೇ ಬೇಕು. ಷಾರ್ಲಟಳಿಗೆ ಹಣವಿತ್ತು, ಬಿಡುವಿತ್ತು. ಅವೆರಡೂ ಇದ್ದ ಇತರರು ಕಪಾಟು ತುಂಬಿಸಿ ತೃಪ್ತರಾದರು. ಆಕೆಯಾದರೋ ಪ್ರತಿಯೊಂದು ಪಾತ್ರೆಯನ್ನೂ ಕೈಯಲ್ಲಿ ತಿರುಗಿಸಿ, ನಿನ್ನನ್ನು ಮಾಡಿದವರು ಯಾರು ಎಂದು ಕೇಳಿದಳು. ಉತ್ತರ ಸಿಕ್ಕಷ್ಟನ್ನು ಬರೆದಿಟ್ಟು, ಪಾತ್ರೆಗಳನ್ನೂ ಉತ್ತರಗಳನ್ನೂ ಲೋಕಕ್ಕೆ ಒಪ್ಪಿಸಿದಳು. ನಾವು ದಿನವೂ ಉಣ್ಣುವ ತಟ್ಟೆ, ನೀರು ಕುಡಿಯುವ ಲೋಟ, ಹೊದೆಯುವ ಬಟ್ಟೆ, ಇವುಗಳ ಹಿಂದೆಯೂ ಯಾರದೋ ಕೈಗಳಿವೆ. ಆ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿಕೊಂಡರೆ, ದುಡಿಯುವ ಕೈಗಳ ಬಗೆಗೆ ನಮ್ಮಲ್ಲಿ ಗೌರವ ಮೂಡದೆ ಇರದು.